ಕಾರಿನೊಳಗೆ ಕಲ್ಲುಪ್ಪು

ಮೊನ್ನೆ ಒಂದು ಜೊತೆ ಬೂಟು ಕೊಂಡೆ. ಬೆಳಿಗ್ಗೆ ನಡೆಯಬೇಕೆಂದು ಡಾಕ್ಟರು ಹೇಳಿದ್ದಾರೆ. ಚಪ್ಪಲಿಯಲ್ಲಿ ನಡೆದರೆ ಅವರ ಪ್ರಕಾರ ಅದು ನಡಿಗೆಯೇ ಅಲ್ಲವಂತೆ. ಮನೆಗೆ ತಂದು ಬಲಗಾಲಿನದನ್ನು ಹಾಕಿಕೊಂಡರೆ ಬೆರಳಿಗೆ ಏನೋ ಒತ್ತಿತು. ಕೈಹಾಕಿ ತೆಗೆದೆ. ಹೆಬ್ಬೆರಳ ಗಾತ್ರದ ಬಿಳಿಯ ಪೊಟ್ಟಣ. ಅಲ್ಲಾಡಿಸಿದರೆ ಸಾಬಕ್ಕಿಯ ಸದ್ದು. ತೇವ ಹೀರಲೆಂದು ಇಡುವ ಹರಳುಗಳು. ನಿಮ್ಮ ಮನೆಗೂ ಬಂದಿರುತ್ತವೆ, ನೀವು ಎಸೆದಿರುತ್ತೀರಿ. ನಾನು ಎಸೆಯಲಿಲ್ಲ. ಅಚ್ಚಾದ ಯಾವುದನ್ನೂ ಓದದೆ ಎಸೆಯುವುದು ನನ್ನಿಂದ ಆಗುವುದಿಲ್ಲ. ಪತ್ರಿಕೆಯಲ್ಲಿ ಆಯುಷ್ಯ ಕಳೆದವನಿಗೆ ಅಂಟಿಕೊಂಡ ರೋಗ ಅದು. ಕನ್ನಡಕ ಹಾಕಿಕೊಂಡು ಓದಿದೆ. ಆ ಚೂರು ಕಾಗದದ ಮೇಲೆ ಮೂರು ಭಾಷೆಗಳಲ್ಲಿ ಬರೆದಿತ್ತು: ತಿನ್ನಬೇಡಿ, ಹರಿಯಬೇಡಿ, ಮಕ್ಕಳಿಂದ ದೂರವಿಡಿ.

ಒಂದಿಂಚು ಜಾಗ. ಅದರಲ್ಲಿ ಎಚ್ಚರಿಕೆಯ ಮಾತಿಗೆ ಎಡೆ ಸಿಕ್ಕಿತ್ತು. ನನಗೆ ಒಮ್ಮೆ ಇದಕ್ಕಿಂತ ನೂರು ಪಾಲು ದೊಡ್ಡ ಕಾಗದದಲ್ಲಿ ಎರಡು ಸಾಲಿಗೆ ಎಡೆ ಸಿಗಲಿಲ್ಲ. ಅದರಿಂದ ಒಂದು ಕಾರು ಹಾಳಾಯಿತು. ಕಾರಿನ ಜೊತೆ ಅದನ್ನು ಓಡಿಸುತ್ತಿದ್ದವರ ಬದುಕೂ.

ಬೂಟು ಅಲ್ಲೇ ಬಿಟ್ಟು ಕುಳಿತೆ. ಆ ದಿನದ ನಡಿಗೆ ಅಲ್ಲಿಗೆ ಮುಗಿಯಿತು.

ನಮ್ಮ ಕರಾವಳಿಯ ತೇವವನ್ನು ಅನುಭವಿಸದವರಿಗೆ ಅದನ್ನು ವಿವರಿಸುವುದು ಕಷ್ಟ. ಮಳೆಯ ವಿಷಯ ಬೇರೆ. ಮಳೆ ಹೊರಗೆ ಬೀಳುತ್ತದೆ, ಕೊಡೆ ಹಿಡಿದರೆ ಆಯಿತು. ತೇವ ಮನೆಯೊಳಗೇ ಇರುತ್ತದೆ, ನಮ್ಮ ಪಕ್ಕದಲ್ಲೇ ಊಟಕ್ಕೆ ಕೂರುತ್ತದೆ. ಉಡುಪಿಯಲ್ಲಿ ನಾವು ಚಿಕ್ಕವರಿದ್ದಾಗ ಜೂನ್ ತಿಂಗಳಲ್ಲಿ ಒಗೆದ ಅಂಗಿ ಒಣಗುತ್ತಿದ್ದುದು ಒಲೆಯ ಮೇಲೆ ಕಟ್ಟಿದ ಬಿದಿರಿನ ಗಳದಲ್ಲಿ. ಇಡೀ ತರಗತಿ ಹೊಗೆಯ ವಾಸನೆ ಹೊಡೆಯುತ್ತಿತ್ತು. ನಮ್ಮ ಮಾಸ್ತರರು ಮೂಗಿನಿಂದಲೇ ಹಾಜರಿ ತೆಗೆಯಬಲ್ಲವರಾಗಿದ್ದರು. ಇವನ ಮನೆಯಲ್ಲಿ ತೆಂಗಿನ ಸಿಪ್ಪೆ, ಅವನ ಮನೆಯಲ್ಲಿ ಗೇರುಮರದ ಸೌದೆ. ಬೆಂಕಿಪೆಟ್ಟಿಗೆ ತಂದೆಯವರ ದಿಂಬಿನಡಿ ಮಲಗುತ್ತಿತ್ತು. ಗೋಡೆಯ ಮೇಲಿನ ಅಜ್ಜನ ಫೋಟೋಕ್ಕೆ ಒಂದು ವರ್ಷ ಬೂಸಲು ಹಿಡಿದು, ಬದುಕಿರುವಾಗ ದಿನವೂ ಕ್ಷೌರ ಮಾಡಿಕೊಳ್ಳುತ್ತಿದ್ದ ಅಜ್ಜನಿಗೆ ಸತ್ತ ಮೇಲೆ ಬಿಳಿಗಡ್ಡ ಬಂತು. ತಂದೆಯವರು ಅದನ್ನು ಒರೆಸಲಿಲ್ಲ. ಹೀಗೇ ಚೆನ್ನಾಗಿ ಕಾಣುತ್ತಾರೆ ಎಂದರು.

ಅಡುಗೆಮನೆಯ ಮೂಲೆಯಲ್ಲಿ ಉಪ್ಪಿನ ಮರಿಗೆ ಇತ್ತು. ಒಂದೇ ಮರದ ತುಂಡನ್ನು ಕೊರೆದು ಮಾಡಿದ ತೊಟ್ಟಿ. ಬೇಸಗೆಯಲ್ಲಿ ಅದರಲ್ಲಿ ಕಲ್ಲುಪ್ಪು ಗಲಗಲ ಎನ್ನುತ್ತಿತ್ತು. ಮಳೆ ಜಡಿಯುವ ಆಟಿ ತಿಂಗಳು ಬಂದರೆ ಅಡಿಯಲ್ಲಿ ಎರಡು ಬೆರಳು ನೀರು. ಮರಿಗೆಯನ್ನು ಓರೆ ಮಾಡಿ ಆ ನೀರನ್ನು ಬಸಿಯುವುದು ಅಕ್ಕನ ಮತ್ತು ನನ್ನ ಕೆಲಸ. ಅಕ್ಕ ಹಿಡಿಯುತ್ತಿದ್ದಳು, ನಾನು ಕೆಳಗೆ ಚೆಲ್ಲುತ್ತಿದ್ದೆ.

"ಇಷ್ಟು ನೀರು ಎಲ್ಲಿಂದ ಬಂತಮ್ಮ?" ಎಂದು ಕೇಳಿದರೆ ಅಮ್ಮನದು ಒಂದೇ ಉತ್ತರ. "ಉಪ್ಪು ನೀರು ಕುಡೀತದೆ ಮಗ. ಅದು ಕುಡಿಯದಿದ್ದರೆ ಅಷ್ಟೂ ನೀರು ನಮ್ಮ ಎಲುಬಿಗೆ ಬರ್ತಿತ್ತು."

ಅದೇ ಅಮ್ಮ, ಮರಿಗೆಯ ಪಕ್ಕದಲ್ಲಿ ಯಾರಾದರೂ ಕಬ್ಬಿಣದ ಸಟ್ಟುಗ ಇಟ್ಟರೆ ಕೂಗಾಡುತ್ತಿದ್ದಳು. ಏಕೆಂದು ನಾನು ಕೇಳಲಿಲ್ಲ. ಕೇಳಬೇಕಾದ ಎರಡು ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಕೇಳುವ ಅಭ್ಯಾಸ ನನಗೆ ಆಗಲೇ ಇತ್ತು. ಅಂಥವನು ಮುಂದೆ ಪತ್ರಕರ್ತನಾದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಉಡುಪಿಯ ಒಂದು ಚಿಕ್ಕ ಸಂಜೆ ಪತ್ರಿಕೆಯ ಉಪಸಂಪಾದಕ. ಪತ್ರಿಕೆ ಈಗ ಇಲ್ಲ, ಹೆಸರು ಹೇಳಿದರೂ ನಿಮಗೆ ನೆನಪಾಗಲಿಕ್ಕಿಲ್ಲ. ನಾಲ್ಕು ಪುಟ, ಸೀಸದ ಅಕ್ಷರಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ಸುದ್ದಿ ಎಷ್ಟೇ ಇರಲಿ, ಪುಟ ಕಟ್ಟುವಾಗ ಕಾಲಮ್ಮಿನ ಕೆಳಗೆ ಮೂರು ನಾಲ್ಕು ಬೆರಳು ಜಾಗ ಉಳಿದೇ ಉಳಿಯುತ್ತಿತ್ತು. ಅದನ್ನು ತುಂಬಲು 'ತಿಳಿದಿರಲಿ' ಎಂಬ ತಲೆಬರಹದ ಕೆಳಗೆ ಸಣ್ಣ ಸಣ್ಣ ಮಾಹಿತಿ ಹಾಕುತ್ತಿದ್ದೆವು. ಆನೆ ಎಷ್ಟು ಹೊತ್ತು ಮಲಗುತ್ತದೆ, ಬಿಳಿ ಬಟ್ಟೆಯ ಮೇಲಿನ ಗೇರುಹಣ್ಣಿನ ಕಲೆ ಹೇಗೆ ತೆಗೆಯಬೇಕು, ಇಂಥವು. ಬರೆಯುವವನು ನಾನು, ಹೆಸರು ಹಾಕುವ ಪದ್ಧತಿ ಇರಲಿಲ್ಲ. ಅಂಥದಕ್ಕೆ ಹೆಸರು ಹಾಕಿಕೊಳ್ಳಲು ನಾಚಿಕೆಯೂ ಆಗುತ್ತಿತ್ತು.

ಸರಕು ಸಿಗುತ್ತಿದ್ದುದು ಮಣಿಪಾಲದಲ್ಲಿ. ಅಲ್ಲಿ ಓದಲು ಬಂದ ಪರದೇಶದ ಹುಡುಗರು ಊರಿಗೆ ಹೊರಡುವಾಗ ಬಿಟ್ಟುಹೋದ ಇಂಗ್ಲಿಷ್ ಪತ್ರಿಕೆಗಳು ಗುಡ್ಡದ ಕೆಳಗಿನ ಹಳೆ ಕಾಗದದ ಅಂಗಡಿಗೆ ಬಂದು ಬೀಳುತ್ತಿದ್ದವು. ತಿಂಗಳಿಗೊಮ್ಮೆ ಸೈಕಲ್ ತಳ್ಳಿಕೊಂಡು ಹೋಗಿ ಒಂದು ಕಟ್ಟು ತರುತ್ತಿದ್ದೆ. ಅಂಥದೊಂದು ಕಟ್ಟಿನಲ್ಲಿ, ಯಾವುದೋ ಹಿಮ ಬೀಳುವ ದೇಶದ ಪತ್ರಿಕೆಯಲ್ಲಿ, ಚಳಿಗಾಲದಲ್ಲಿ ಕಾರನ್ನು ಓಡಿಸದೆ ಶೆಡ್ಡಿನಲ್ಲಿ ನಿಲ್ಲಿಸುವವರು ತೇವದಿಂದ ಅದನ್ನು ಹೇಗೆ ಕಾಪಾಡಬೇಕು ಎಂಬ ಅರ್ಧ ಪುಟ ಕಣ್ಣಿಗೆ ಬಿತ್ತು.

ಮೇ ತಿಂಗಳು. ನಮ್ಮ ಓದುಗರಿಗೆ ಚಳಿಗಾಲ ಯಾವುದು? ಬೆಳಗಿನ ಹೊತ್ತು ಫ್ಯಾನ್ ನಿಲ್ಲಿಸಿದರೆ ಅದೇ ನಮ್ಮ ಚಳಿಗಾಲ. ಆದ್ದರಿಂದ ನಾನು ಬುದ್ಧಿ ಉಪಯೋಗಿಸಿದೆ. ಚಳಿಗಾಲ ಎಂದಿದ್ದಲ್ಲೆಲ್ಲ ಮಳೆಗಾಲ ಎಂದು ಬರೆದೆ. ಓದುಗನಿಗೆ ಹತ್ತಿರವಾಗುವಂತೆ ಬರೆಯಬೇಕೆಂದು ನಮ್ಮ ಸಂಪಾದಕರು ದಿನಾ ಹೇಳುತ್ತಿದ್ದರು. ಓದುಗನ ಬಳಿ ಕಾರು ಇದೆಯೇ ಎಂದು ನಾನು ಯೋಚಿಸಲಿಲ್ಲ, ಇಡೀ ಊರಿನಲ್ಲಿ ಬೆರಳೆಣಿಕೆಯ ಕಾರುಗಳು. ನನಗಂತೂ ಕಾರಿನ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದೂ ಸರಿಯಾಗಿ ಗೊತ್ತಿರಲಿಲ್ಲ.

ಬರೆದದ್ದು ಇಷ್ಟು: ಮಳೆಗಾಲದಲ್ಲಿ ಕಾರು ನಿಲ್ಲಿಸುವವರು ಅದನ್ನು ಕಲ್ಲಿನ ಮೇಲೆ ಎತ್ತಿಟ್ಟು ಚಕ್ರದ ಭಾರ ತಪ್ಪಿಸಬೇಕು. ಬ್ಯಾಟರಿ ಕಳಚಿ ಮನೆಯೊಳಗೆ ಇಡಬೇಕು. ಗಾಜುಗಳನ್ನು ಪೂರ್ತಿ ಮುಚ್ಚಿ, ಒಳಗೆ ಅಲ್ಲಲ್ಲಿ ಕಲ್ಲುಪ್ಪು ಇಡಬೇಕು. ಉಪ್ಪು ನೀರು ಕುಡಿಯುತ್ತದೆ, ಕಾರು ಒಣಗಿರುತ್ತದೆ. ಕರಗಿದ ಉಪ್ಪನ್ನು ಬದಲಿಸುತ್ತ, ಮಳೆಗಾಲ ಮುಗಿಯುವವರೆಗೆ ಹೀಗೆ ಮಾಡಬೇಕು. ಕೊನೆಗೆ ಇನ್ನೆರಡು ಸಾಲು ಇದ್ದವು.

ಮೊಳೆ ಜೋಡಿಸುವ ಶೀನಣ್ಣ ಕೈಯೊರೆಸಿಕೊಳ್ಳುತ್ತ ಬಂದರು. "ಎರಡು ಸಾಲು ಹೊರಗೆ ನಿಂತಿದೆ ಮಾರಾಯ್ರೆ. ಎಂತ ಮಾಡುವ?"

"ಬಾಲ ತೆಗೀರಿ."

"ಒಮ್ಮೆ ಓದಿ ನೋಡ್ತೀರಾ?"

"ಬಾಲದಲ್ಲಿ ಎಂತ ಇರ್ತದೆ ಶೀನಣ್ಣ?"

ಅವರು ತೆಗೆದರು. ಅದು ನಮ್ಮ ಕಸುಬಿನ ಕ್ರಮ. ಮುಖ್ಯವಾದದ್ದು ತಲೆಯಲ್ಲಿ ಇರಬೇಕು, ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸಬೇಕು. ಹೆಣ ಬಿದ್ದ ಸುದ್ದಿಗೂ ಅದೇ ಕ್ರಮ, ಹೆಣ್ಣು ಹುಡುಕುವ ಜಾಹೀರಾತಿಗೂ ಅದೇ. ಸಾವಿರ ಸಲ ಹಾಗೆ ಮಾಡಿದ್ದೆ. ಏನೂ ಆಗಿರಲಿಲ್ಲ, ಅಥವಾ ಆದದ್ದು ನನಗೆ ಗೊತ್ತಾಗಿರಲಿಲ್ಲ.

ಇನ್ನು ನನ್ನ ಭಾವನ ವಿಷಯ ಹೇಳಬೇಕು. ಅಕ್ಕನನ್ನು ಕೊಟ್ಟದ್ದು ಕಾಪುವಿಗೆ, ದೀಪಸ್ತಂಭದಿಂದ ಕೂಗಳತೆಯ ಒಂದು ಮನೆಗೆ. ಭಾವನ ಹೆಸರು ವಾಸು. ಮೂರು ತಲೆಮಾರಿನಿಂದ ದೋಣಿಯ ಮನೆ. ಆದರೆ ವಾಸು ಭಾವನಿಗೆ ದೋಣಿ ಹತ್ತಿದರೆ ವಾಂತಿ. ಚಿಕ್ಕಂದಿನಲ್ಲಿ ಸರಿಹೋಗುತ್ತದೆ ಎಂದರು, ಮೀಸೆ ಬಂದ ಮೇಲೆ ಸರಿಹೋಗುತ್ತದೆ ಎಂದರು, ಮದುವೆಯಾದ ಮೇಲೂ ಸರಿಹೋಗಲಿಲ್ಲ. ದಡದಿಂದ ಹತ್ತು ಮಾರು ದಾಟಿದರೆ ಸಾಕು, ಮನುಷ್ಯ ದೋಣಿಯ ಅಂಚಿಗೆ ಹೊಟ್ಟೆ ಒತ್ತಿ ನೇತಾಡುತ್ತಿದ್ದರು. ಅವರ ಅಣ್ಣ ದಾಮಣ್ಣ, ನಾಲ್ಕು ಜನ ಇದ್ದಲ್ಲೆಲ್ಲ, "ನಮ್ಮ ವಾಸು ಮೀನು ಹಿಡಿಯುವುದಿಲ್ಲ, ಮೀನಿಗೆ ಊಟ ಬಡಿಸ್ತಾನೆ" ಎಂದು ನಗಿಸುತ್ತಿದ್ದರು. ಭಾವನೂ ನಗುತ್ತಿದ್ದರು. ಅಕ್ಕ ಮಾತ್ರ ನಗುತ್ತಿರಲಿಲ್ಲ.

ಮೀನು ಹಿಡಿಯಲಾರದ ಗಂಡಸು ಆ ಮನೆಯಲ್ಲಿ ಹೇಗೆ ತಲೆಯೆತ್ತಬೇಕು? ಭಾವ ಮುಂಬಯಿಗೆ ಹೋಗಿ ಸಂಬಂಧಿಕರೊಬ್ಬರ ಹೋಟೆಲಿನಲ್ಲಿ ಏಳು ವರ್ಷ ಚಾ ಮಾಡಿದರು. ಅಲ್ಲೇ ಗಾಡಿ ಓಡಿಸಲು ಕಲಿತರು. ತಿರುಗಿ ಬಂದವರು ಕಾರ್ಕಳದ ಮುದಿ ವಕೀಲರೊಬ್ಬರಿಂದ ಅವರ ಹಳೆಯ ಕಾರನ್ನು ಕೊಂಡರು. ಕೆನೆಬಣ್ಣದ ಸಣ್ಣ ಕಾರು, ನಮ್ಮ ರಸ್ತೆಗಳಲ್ಲಿ ಹದಿನೈದು ಮಳೆಗಾಲ ಕಂಡದ್ದು. ಕಾರ್ಕಳದ ಟಿಂಕರ್ ಲಾರೆನ್ಸ್ ಅದರ ಅಡಿಗೆ ಹೊಸ ತಗಡಿನ ತೇಪೆ ಹಾಕಿ, "ಇದು ಇನ್ನು ಹತ್ತು ವರ್ಷ ಓಡ್ತದೆ, ನೀವು ಓಡಿಸಿದರೆ" ಎಂದು ಕೈಗೆ ಕೊಟ್ಟರು.

ಅದು ಮದುವೆ ಕಾರಾಯಿತು. ಪಡುಬಿದ್ರಿಯಿಂದ ಕಟಪಾಡಿಯವರೆಗೆ ಮದುಮಗಳನ್ನು ಮಂಟಪಕ್ಕೆ ಕರೆತರುವುದು ವಾಸುವಿನ ಕಾರು. ಬಾನೆಟ್ಟಿನ ಮೇಲೆ ಮಲ್ಲಿಗೆಯ ಜಾಲರಿ, ಸ್ಟಿಯರಿಂಗಿನ ಹಿಂದೆ ಇಸ್ತ್ರಿಯ ಬಿಳಿ ಅಂಗಿ ತೊಟ್ಟ ಭಾವ. ದೋಣಿಯಲ್ಲಿ ಅವರನ್ನು ಕಂಡವರು ಕಾರಿನಲ್ಲಿ ಕಂಡರೆ ಬೇರೆ ಯಾರೋ ಎಂದುಕೊಳ್ಳಬೇಕು. ಬೆನ್ನು ನೆಟ್ಟಗೆ, ಹಾರ್ನ್ ಹೊಡೆದರೆ ಒಂದೇ ಸಲ. ಮಕ್ಕಳಿರಲಿಲ್ಲ ಅವರಿಗೆ. ಕಾರಿತ್ತು. ದಾಮಣ್ಣನ ಮಗಳ ಮದುವೆಗೂ ಅದೇ ಕಾರು ಹೋಯಿತು. ಆ ಒಂದು ದಿನ ದಾಮಣ್ಣ ತಮಾಷೆ ಮಾಡಲಿಲ್ಲ.

ಮಳೆ ಹಿಡಿದರೆ ಮದುವೆ ನಿಲ್ಲುತ್ತದೆ. ಮನೆಯಿಂದ ಹೆದ್ದಾರಿಗೆ ಹೋಗುವ ಮರಳದಾರಿ ಕೆರೆಯಾಗುತ್ತದೆ. ಆದ್ದರಿಂದ ಜೂನ್‌ನಿಂದ ನಾಲ್ಕು ತಿಂಗಳು ಕಾರು ಅಂಗಳದ ಬದಿಯ ತೆಂಗಿನ ಮಡಲಿನ ಕೊಟ್ಟಿಗೆಯಲ್ಲಿ ನಿಲ್ಲುತ್ತಿತ್ತು, ಭಾವ ಮತ್ತೆ ಮುಂಬಯಿಗೆ ಹೋಗಿ ಚಾ ಮಾಡುತ್ತಿದ್ದರು. ಮೊದಲ ಮಳೆಗಾಲ ಹಾಗೇ ಕಳೆಯಿತು, ಸೀಟಿಗೆ ಬೂಸಲು ಬಂತು, ಒರೆಸಿದರು. ಎರಡನೆಯ ಮಳೆಗಾಲಕ್ಕೆ ಮುಂಚೆ ನಾನು ಕಾಪುವಿಗೆ ಹೋದಾಗ ಭಾವ ಕೊಟ್ಟಿಗೆಯಲ್ಲಿ ಕಾರನ್ನು ಕೆಂಪುಕಲ್ಲಿನ ಮೇಲೆ ಏರಿಸುತ್ತಿದ್ದರು. ಪಕ್ಕದಲ್ಲಿ ದಾಮಣ್ಣ. ತನ್ನ ದೋಣಿಗೆ ಮೀನೆಣ್ಣೆ ಬಳಿದು ಬಂದದ್ದರಿಂದ ಮೊಣಕೈಯವರೆಗೆ ಮಿರಮಿರ ಮಿಂಚುತ್ತಿದ್ದರು.

"ಇನ್ನೂ ಅರ್ಧ ಡಬ್ಬ ಉಂಟು ವಾಸು. ನಿನ್ನ ಕಾರಿನ ಅಡಿಗೂ ಬಳಿದು ಬಿಡುವನಾ? ನೀರು ಹತ್ತಿರ ಬರ್ಲಿಕ್ಕಿಲ್ಲ."

"ನವೆಂಬರಿನಲ್ಲಿ ಮದುಮಗಳು ಮೂಗು ಮುಚ್ಚಿಕೊಂಡು ಧಾರೆಗೆ ಹೋಗ್ಬೇಕಾ?" ಎಂದರು ಭಾವ.

"ಮೀನಿನ ವಾಸನೆ ಆಗದ ಮದುಮಗಳು ಈ ಊರಲ್ಲಿ ಯಾರಿದ್ದಾಳೆ ಮಾರಾಯ?"

"ನಿಮ್ಮದು ದೋಣಿ, ಇದು ಕಾರು. ಇದಕ್ಕೆ ಬೇರೆ ಕ್ರಮ ಉಂಟು. ಪೇಪರಿನಲ್ಲಿ ಬಂದಿದೆ." ಭಾವ ಅಂಗಿಯ ಜೇಬಿನಿಂದ ಒಂದು ಕಾಗದದ ತುಂಡು ತೆಗೆದು ಗಟ್ಟಿಯಾಗಿ ಓದಿದರು. ನನ್ನ ಕಡೆ ನೋಡಿ ನಕ್ಕರು. "ಇವರದೇ ಪೇಪರು. ಅಲ್ವಾ ಭಾವ?" ಅವರು ನನಗೆ ಭಾವ, ನಾನೂ ಅವರಿಗೆ ಭಾವ.

ಅಚ್ಚಾದ ಮಾತನ್ನು ಇನ್ನೊಬ್ಬರ ಬಾಯಲ್ಲಿ ಕೇಳುವುದು ಬರೆದವನಿಗೆ ಯಾವಾಗಲೂ ಸುಖ. ನನಗೂ ಸುಖವಾಯಿತು. ಹೌದು ಎಂದೆ.

ಒಳಗೆ ಅಕ್ಕ ಹಳೆಯ ಸೀರೆ ಹರಿದು ಚೀಲ ಹೊಲಿಯುತ್ತಿದ್ದಳು. ಎರಡು ಅಂಗೈಯಗಲದ ಚೀಲಗಳು, ಒಂದೊಂದರಲ್ಲಿ ಒಂದು ಸೇರು ಕಲ್ಲುಪ್ಪು. ಸೀಟಿನಡಿ ನಾಲ್ಕು, ಕಾಲಿಡುವಲ್ಲಿ ನಾಲ್ಕು, ಡಿಕ್ಕಿಯಲ್ಲಿ ಎರಡು. ನನಗೆ ಚಾ ಕೊಟ್ಟು ಸೂಜಿಗೆ ದಾರ ಪೋಣಿಸುತ್ತ ಕೇಳಿದಳು:

"ತಮ್ಮ, ಇದು ಸರಿಯಾ?"

"ಎಂತದು?"

"ಉಪ್ಪಿನದು. ಅವರಿಗೆ ಪೇಪರಿನಲ್ಲಿ ಬಂದದ್ದೆಂದರೆ ಸಾಕು. ನೀನು ಹೇಳು, ಸರಿಯಾ?"

"ಸರಿ ಇಲ್ಲದಿದ್ದರೆ ನಾವು ಹಾಕ್ತೇವಾ ಅಕ್ಕ?"

ಅಷ್ಟೇ. ಇಷ್ಟು ವರ್ಷಗಳಲ್ಲಿ ನಾನು ಹೇಳಿದ ಮಾತುಗಳಲ್ಲಿ ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅನಿಸುವವು ಅನೇಕ. ಸಾಲಿನಲ್ಲಿ ಮೊದಲು ನಿಲ್ಲುವುದು ಇದು.

ಭಾವ ಮುಂಬಯಿಗೆ ಹೋದರು. ಮಳೆ ಹಿಡಿಯಿತು. ನಮ್ಮ ಕಚೇರಿಯಲ್ಲಿ ಗೋಂದಿನ ಬಾಟಲಿಗೆ ಹಸಿರು ಬೂಸಲು ಬಂತು, ಕಿಟಕಿಯ ಬಾಗಿಲು ಉಬ್ಬಿ ಮುಚ್ಚಲಾರದಾಯಿತು. ಜುಲೈ ತಿಂಗಳ ಒಂದು ಮಧ್ಯಾಹ್ನ ಕಿಟಕಿಯ ಸಂದಿಗೆ ತುರುಕಲು ದಪ್ಪ ಕಾಗದ ಹುಡುಕುತ್ತಿದ್ದೆ. ಹಳೆ ಕಟ್ಟಿನಲ್ಲಿ ಆ ಇಂಗ್ಲಿಷ್ ಪತ್ರಿಕೆ ಕೈಗೆ ಬಂತು. ಮಡಚುವ ಮುಂಚೆ, ರೋಗ ಹೇಳಿದೆನಲ್ಲ, ಓದಿದೆ. ಈ ಸಲ ಬಾಲದವರೆಗೆ ಓದಿದೆ.

ಉಪ್ಪನ್ನು ಗಾಜಿನ ಅಥವಾ ಪಿಂಗಾಣಿಯ ಪಾತ್ರೆಯಲ್ಲೇ ಇಡಬೇಕು ಎಂದಿತ್ತು. ಉಪ್ಪಾಗಲಿ ಅದರಿಂದ ಇಳಿದ ನೀರಾಗಲಿ ತಗಡಿಗೆ ತಾಗಿದರೆ ಕಾರು ತುಕ್ಕು ಹಿಡಿದು ನಾಶವಾಗುತ್ತದೆ ಎಂದಿತ್ತು. ಆ ಎರಡು ಸಾಲನ್ನು ನಾನು ಕನ್ನಡಕ್ಕೂ ತಂದಿದ್ದೆ. ನನ್ನದೇ ಕೈಬರಹದಲ್ಲಿ ಅವು ಶೀನಣ್ಣನ ಮೇಜಿನವರೆಗೆ ಹೋಗಿದ್ದವು.

ಮುಂದಿನ ಭಾನುವಾರ ಬಸ್ಸು ಹತ್ತಿ ಕಾಪುವಿಗೆ ಹೋದೆ. ಮುಂದಿನ ಭಾನುವಾರ ಎಂದು ಬರೆದದ್ದನ್ನು ಗಮನಿಸಿ. ನಾನು ಓದಿದ್ದು ಮಂಗಳವಾರ. ಎಂಟು ಮೈಲಿಯ ದಾರಿ, ಅರ್ಧ ಗಂಟೆಗೊಂದು ಬಸ್ಸು. ನಾಲ್ಕು ದಿನ ನಾನು ರಜೆ ಕೇಳಲಿಲ್ಲ.

ಅಕ್ಕ ನನ್ನನ್ನು ಕಂಡು ಹಿಗ್ಗಿದಳು. ಗಂಜಿ, ಒಣಸಿಗಡಿಯ ಚಟ್ನಿ. ಊಟವಾದ ಮೇಲೆ ತಾನೇ ಕೊಡೆ ಹಿಡಿದು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಕಾರಿನ ಬಾಗಿಲು ತೆರೆದರೆ ಬಿಸಿಯಾದ, ಹುಳಿಯಾದ ಗಾಳಿ ಮುಖಕ್ಕೆ ಹೊಡೆಯಿತು. ಗಾಜು ಒಳಗಿನಿಂದ ಬೆವೆತಿತ್ತು. ಕಾಲಿಡುವಲ್ಲಿನ ಚೀಲ ಒದ್ದೆಯಾಗಿ ಅರ್ಧಕ್ಕಿಳಿದಿತ್ತು. ಅದರ ಸುತ್ತ ಕಂದು ಬಣ್ಣದ ನೀರು.

"ನೋಡು, ಎಷ್ಟು ಕುಡಿದಿದೆ!" ಅಕ್ಕನಿಗೆ ಹೆಮ್ಮೆ. "ಪ್ರತಿ ಗುರುವಾರ ಹೊಸ ಉಪ್ಪು ಹಾಕ್ತೇನೆ. ಒಂದು ವಾರವೂ ತಪ್ಪಿಸಲಿಲ್ಲ."

"ಸಾಕು ಅಕ್ಕ. ಇನ್ನು ತೆಗೆದುಬಿಡು."

"ಯಾಕೆ?"

"ಸಾಕಲ್ಲ. ತೇವವೆಲ್ಲ ಹೋಗಿದೆ."

"ಎಲ್ಲಿ ಹೋಗಿದೆ? ಆಟಿಯ ಮಳೆ ಇನ್ನು ಬರಬೇಕಷ್ಟೆ. ಮಳೆಗಾಲ ಮುಗಿಯುವವರೆಗೆ ಅಂತ ಪೇಪರಿನಲ್ಲಿ ಉಂಟು. ತೆಗೀಲಿಕ್ಕೆ ಯಾರು ಹೇಳಿದ್ದು? ಅದೂ ಪೇಪರಿನಲ್ಲಿ ಬಂದಿದೆಯಾ?"

"ಬಂದಿಲ್ಲ."

"ಮತ್ತೆ? ಬಂದರೆ ಕಳಿಸಿಕೊಡು, ತೆಗೀತೇನೆ."

ಅದನ್ನು ಬರೆದವನು ನಾನು, ಬಾಲ ಕತ್ತರಿಸಿದವನು ನಾನು ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಒಂದು ವಾಕ್ಯ. ಮಳೆಯ ಸದ್ದಿನಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಬೇಕಿತ್ತು, ಅಷ್ಟೆ. ಅಕ್ಕನ ಕಣ್ಣಿನಲ್ಲಿ ನಾನು ಪೇಪರಿನವನು. ನೆರೆಮನೆಯವರು ಅವಳ ಬಳಿ ಲೋಕದ ವಿಷಯ ಕೇಳುತ್ತಿದ್ದುದು, "ನಿನ್ನ ತಮ್ಮ ಎಂತ ಹೇಳ್ತಾನೆ?" ಎಂದು. ಆ ಗೌರವ ನನಗೆ ಕಚೇರಿಯಲ್ಲಿ ಯಾರೂ ಕೊಡುತ್ತಿರಲಿಲ್ಲ. ನಾನು ಕೊಡೆ ಬಿಡಿಸಿಕೊಂಡು ಬಸ್ಸಿಗೆ ಹೊರಟೆ. ಅಕ್ಕ ದಾರಿಗೆ ಪತ್ರೊಡೆ ಕಟ್ಟಿಕೊಟ್ಟಳು.

ತಿದ್ದುಪಡಿ ಹಾಕಿಸೋಣವೆಂದುಕೊಂಡೆ. ಎರಡೇ ಸಾಲು ಬರೆದು ಸಂಪಾದಕರ ಮುಂದೆ ಇಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿದರು. "ಮಂತ್ರಿಯ ಹೆಸರು ತಪ್ಪಿದರೆ ತಿದ್ದುಪಡಿ ಹಾಕುವ. ಜಾಗ ತುಂಬಿಸಿದ್ದಕ್ಕೂ ತಿದ್ದುಪಡಿಯಾ? ಯಾರು ಓದಿರ್ತಾರೆ ಅದನ್ನು?"

"ಒಬ್ಬರು ಓದಿದ್ದಾರೆ ಸರ್."

"ಒಬ್ಬರಾದರೆ ಒಂದು ಕಾರ್ಡು ಬರೆಯಿರಿ" ಎಂದರು. ನ್ಯಾಯವಾದ ಮಾತು. ಕಾರ್ಡು ಬರೆದೆ. ಮುಂಬಯಿಯ ಹೋಟೆಲಿನ ವಿಳಾಸವನ್ನೂ ಬರೆದೆ. ಅಂಗಿಯ ಜೇಬಿನಲ್ಲಿ ಅದು ಹದಿನೈದು ದಿನ ಇತ್ತು, ಬೆವರು, ಮಳೆ ತಾಗಿ ಅಕ್ಷರಗಳು ಹರಡಿಕೊಂಡವು. ಆಮೇಲೆ ಇನ್ನು ಓದಲಿಕ್ಕೇ ಆಗುವುದಿಲ್ಲ ಎಂದು ಹರಿದು ಹಾಕಿದೆ.

ನವರಾತ್ರಿಗೆ ಮುಂಚೆ ಭಾವ ಬಂದರು. ಮೊದಲ ಮದುವೆ ದೀಪಾವಳಿ ಕಳೆದು ಎಂಟು ದಿನಕ್ಕೆ ಗೊತ್ತಾಗಿತ್ತು. ಕಾರನ್ನು ಕಲ್ಲಿನಿಂದ ಇಳಿಸುವ ದಿನ ನನಗೂ ಹೇಳಿಕಳಿಸಿದರು, ಶುಭಕಾರ್ಯಕ್ಕೆ ಕರೆದ ಹಾಗೆ. ಬಿಸಿಲು ಹೊಳೆಯುತ್ತಿತ್ತು. ಹೊರಗಿನಿಂದ ಕಾರು ಮದುಮಗನ ಹಾಗೆ ಇತ್ತು, ಅಕ್ಕ ಒರೆಸಿ ಒರೆಸಿ ಇಟ್ಟಿದ್ದಳು. ದಾಮಣ್ಣನೂ ನೋಡಲು ಬಂದಿದ್ದರು. ಭಾವ ದೇವರನ್ನು ನೆನೆದು ಒಳಗೆ ಕುಳಿತರು, ಬಾಗಿಲು ಹಾಕಿಕೊಂಡು ಕ್ಲಚ್ ಒತ್ತಿದರು.

ಒಣ ಹಪ್ಪಳ ಮುರಿದಂಥ ಸದ್ದು. ಮೊದಲು ಯಾರಿಗೂ ಏನೆಂದು ತಿಳಿಯಲಿಲ್ಲ. ಆಮೇಲೆ ಕಾರಿನ ಅಡಿಯಲ್ಲಿ, ಮರಳಿನ ಮೇಲೆ, ಭಾವನ ಬರಿಗಾಲು ಕಾಣಿಸಿತು.

ದಾಮಣ್ಣ ನಕ್ಕುಬಿಟ್ಟರು. ನಗು ಅರ್ಧದಲ್ಲಿ ನಿಂತಿತು. ಭಾವ ಇಳಿಯಲಿಲ್ಲ. ಕಾಲನ್ನು ಮರಳಿನಲ್ಲೇ ಇಟ್ಟುಕೊಂಡು, ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಬಹಳ ಹೊತ್ತು ಎದುರಿಗೆ ನೋಡುತ್ತ ಕುಳಿತರು.

ಲಾರಿಗೆ ಕಟ್ಟಿ, ಪಡುಬಿದ್ರಿಯ ಮೇಲಿಂದ ಕಾರ್ಕಳಕ್ಕೆ ಎಳೆದುಕೊಂಡು ಹೋದೆವು. ಭಾವ ಸ್ಟಿಯರಿಂಗ್ ಹಿಡಿದು ಹಲಗೆಯ ಮೇಲೆ ಕಾಲಿಟ್ಟು ಕುಳಿತಿದ್ದರು. ನಾನು ಲಾರಿಯಲ್ಲಿ. ಲಾರೆನ್ಸ್ ಕಾರಿನ ಅಡಿಗೆ ನುಸುಳಿ ಸುತ್ತಿಗೆಯಿಂದ ಅಲ್ಲಲ್ಲಿ ಮುಟ್ಟಿದರು. ಮುಟ್ಟಿದಲ್ಲೆಲ್ಲ ತಗಡು ಪುಡಿಪುಡಿಯಾಗಿ ಅವರ ಎದೆಯ ಮೇಲೆ ಉದುರಿತು. ಹೊರಬಂದು ಒಂದು ಚೂರನ್ನು ನಾಲಿಗೆಗೆ ತಾಗಿಸಿ ಉಗಿದರು.

"ಉಪ್ಪು! ಇದು ಕಾರಲ್ಲ ವಾಸಣ್ಣ, ಉಪ್ಪಿನಕಾಯಿ. ಅಡಿ, ಕಂಬ, ಎಲ್ಲ ಹೋಗಿದೆ. ತೇಪೆ ಹಾಕಲಿಕ್ಕೆ ಹಿಡಿಯುವ ತಗಡಾದರೂ ಬೇಕಲ್ಲ? ಎಂತ ಮಾಡಿದಿರಿ ನೀವು? ಕಾರಿನೊಳಗೆ ಮೀನು ಒಣಗಿಸಿದ್ರಾ?"

ನಾನು ಬಾಯಿ ತೆರೆದೆ. ತೆರೆದದ್ದು ನನಗೆ ಚೆನ್ನಾಗಿ ನೆನಪಿದೆ.

ನನ್ನ ಕಡೆ ನೋಡದೆಯೇ ಭಾವ ಹೇಳಿದರು, "ಸಮುದ್ರದ ಗಾಳಿ ಲಾರೆನ್ಸ್ ಪೊರ್ಬುಗಳೇ. ನಮ್ಮ ಮನೆ ಕಡಲಿಗೆ ತೀರಾ ಹತ್ತಿರ."

ಬಾಯಿ ಮುಚ್ಚಿಕೊಂಡೆ.

ದೀಪಾವಳಿಯ ನಂತರದ ಮದುವೆಗೆ ಉಡುಪಿಯಿಂದ ಬೇರೆ ಕಾರು ಬಂತು. ಭಾವನ ಕಾರು ಲಾರೆನ್ಸರ ಅಂಗಳದಲ್ಲಿ ಒಂದು ವರ್ಷ ನಿಂತು, ಬಾಗಿಲು, ಗಾಜು, ಚಕ್ರಗಳಾಗಿ ಬೇರೆ ಬೇರೆ ಕಾರುಗಳಿಗೆ ಹೋಯಿತು. ಮುಂಬಯಿಯ ಹೋಟೆಲಿನಲ್ಲಿ ಅಷ್ಟರಲ್ಲಿ ಬೇರೊಬ್ಬರು ಚಾ ಮಾಡುತ್ತಿದ್ದರು. ಭಾವ ದಾಮಣ್ಣನ ದೋಣಿ ಹತ್ತಿದರು. ಮೂವತ್ತೆಂಟನೆಯ ವಯಸ್ಸಿನಲ್ಲಿ.

ಸರಿಹೋಗುತ್ತದೆ ಎಂದು ಮತ್ತೆ ಎಲ್ಲರೂ ಹೇಳಿದರು. ಹೋಗಲಿಲ್ಲ. ಒಂಬತ್ತು ವರ್ಷ, ಮಳೆಗಾಲ ಬಿಟ್ಟು ಉಳಿದ ಎಲ್ಲ ದಿನ, ಭಾವ ಬರಿಹೊಟ್ಟೆಯಲ್ಲಿ ಕಡಲಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತ ಬಲೆ ಎಳೆದರು. ನಾನು ಹೋದಾಗಲೆಲ್ಲ ಮೊದಲಿನ ಹಾಗೆಯೇ, "ಎಂತ ವಿಶೇಷ ಭಾವ, ಪೇಪರಿನಲ್ಲಿ?" ಎಂದು ಕೇಳುತ್ತಿದ್ದರು. ಅದರಲ್ಲಿ ಚುಚ್ಚು ಇದೆಯೇ ಎಂದು ನಾನು ಹುಡುಕುತ್ತಿದ್ದೆ. ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ದಾಮಣ್ಣ ತಮಾಷೆ ಮಾಡುವುದನ್ನು ಪೂರ್ತಿ ಬಿಟ್ಟಿದ್ದರು.

ಎಂಬತ್ತರ ದಶಕದ ಕೊನೆಗೆ ಭಾವನಿಗೆ ಹೊಟ್ಟೆಯ ಹುಣ್ಣು ಬಂತು. ಮಣಿಪಾಲದ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದು ತೀರಿಕೊಂಡರು. ಕಡಲಿಗೂ ಹುಣ್ಣಿಗೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಕೇಳಿದ್ದಕ್ಕೆ ಹೇಳಿದ್ದು. ಅವರ ನಿಧನದ ಸುದ್ದಿಯನ್ನು ನಾನೇ ಬರೆದೆ, ಮೂರು ಸಾಲು. ಆ ದಿನ ಶೀನಣ್ಣ ಒಂದು ಜಾಹೀರಾತನ್ನು ಹೊರಗಿಟ್ಟು ಮೂರೂ ಸಾಲಿಗೆ ಜಾಗ ಮಾಡಿದರು. ನಾನು ಕೇಳಿರಲಿಲ್ಲ.

ಹನ್ನೊಂದನೆಯ ದಿನದ ಕೆಲಸಗಳು ಮುಗಿದ ಮೇಲೆ ಅಕ್ಕ ಭಾವನ ಪೆಟ್ಟಿಗೆ ತೆರೆದು ಡ್ರೈವಿಂಗ್ ಲೈಸೆನ್ಸಿನ ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು. ಒಳಗೆ, ಮಡಿಕೆಯಲ್ಲಿ ಹರಿದು, ಅರಸಿನ ಬಣ್ಣಕ್ಕೆ ತಿರುಗಿದ ಆ ತುಂಡು.

"ಇಟ್ಟುಕೋ. ನಿನ್ನದು."

"ನನ್ನದು ಅಂತ ಹೇಳಿದವರು ಯಾರು?"

"ಯಾರು ಹೇಳಬೇಕು? 'ಉಪ್ಪು ನೀರು ಕುಡಿಯುತ್ತದೆ' ಅಂತ ಅಮ್ಮನನ್ನು ಬಿಟ್ಟರೆ ಯಾರು ಹೇಳ್ತಿದ್ದರು? ಅವರು ಓದಿ ಹೇಳಿದ ದಿನವೇ ನನಗೆ ಗೊತ್ತಾಯಿತು. ಅವರಿಗೂ ಹೇಳಿದೆ. ಖುಷಿಯಾಯ್ತು ಅವರಿಗೆ. ನಮ್ಮ ಭಾವ ನನಗೋಸ್ಕರವೇ ಬರೆದದ್ದು ಅಂದರು."

ಕೇಳಬಾರದಿತ್ತು. ಕೇಳಿದೆ. "ಹಾಗಾದರೆ ಅಕ್ಕ, ನಾನು ಬಂದು ತೆಗೆ ಅಂದಾಗ ಯಾಕೆ ತೆಗೆಯಲಿಲ್ಲ?"

ಅಕ್ಕ ಪೆಟ್ಟಿಗೆಯ ಮುಚ್ಚಳ ಹಾಕಿದಳು. ಸಿಟ್ಟಿನಿಂದಲ್ಲ, ಲೆಕ್ಕ ತಪ್ಪಿದ ಮಗುವಿಗೆ ಮತ್ತೆ ಹೇಳಿಕೊಡುವಂತೆ ಹೇಳಿದಳು.

"ಬೇರೆ ಯಾರಾದರೂ ಬರೆದದ್ದಾದರೆ ನಿನ್ನ ಮಾತು ಕೇಳಿ ಅವತ್ತೇ ತೆಗೀತಿದ್ದೆ. ನೀನೇ ಬರೆದದ್ದಲ್ವಾ? ಬಾಯಲ್ಲಿ ನೀನು ಏನಾದರೂ ಹೇಳ್ತಿ ಮಾರಾಯ, ಸಣ್ಣವನಿರುವಾಗಲೇ ಹಾಗೆ. ಬರೆಯುವಾಗ ಮಾತ್ರ ನೀನು ಎಲ್ಲ ನೋಡಿ ಬರೀತಿ ಅಂತ."

ಈಗ ಅಕ್ಕನೂ ಇಲ್ಲ. ಕಾಪುವಿನ ಆ ಕೊಟ್ಟಿಗೆಯ ಜಾಗದಲ್ಲಿ ಕೆಂಪುಕಲ್ಲಿನ ಚೂರುಗಳಿವೆ. ತುಂಡು ನನ್ನ ಮೇಜಿನ ಖಾನೆಯಲ್ಲಿದೆ. ಬೂಟಿನ ಪೊಟ್ಟಣವನ್ನು ಅದರ ಪಕ್ಕದಲ್ಲೇ ಇಟ್ಟಿದ್ದೇನೆ, ಕಾಗದಕ್ಕೆ ತೇವ ತಾಗದಿರಲಿ ಎಂದು.

ಬಿಟ್ಟುಹೋದ ಆ ಎರಡು ಸಾಲುಗಳು ಹೀಗಿವೆ: ಉಪ್ಪನ್ನು ಗಾಜಿನ ಅಥವಾ ಪಿಂಗಾಣಿಯ ಪಾತ್ರೆಯಲ್ಲೇ ಇಡಬೇಕು. ಉಪ್ಪಾಗಲಿ ಅದರ ನೀರಾಗಲಿ ತಗಡಿಗೆ ತಾಗಬಾರದು.

ಪತ್ರಿಕೆ ಇಲ್ಲ, ಶೀನಣ್ಣ ಇಲ್ಲ, ಓದಬೇಕಾದ ಇಬ್ಬರೂ ಇಲ್ಲ. ಜಾಗ ಮಾತ್ರ ಈಗ ಬೇಕಾದಷ್ಟಿದೆ.